ಅತ್ತೆಯ ದನಿಗೆ ಹತ್ತು ಎಂಬಿ ಜಾಗ

ಹೋದ ಜೂನಿನಲ್ಲಿ ತಿರುವನಂತಪುರಕ್ಕೆ ಹೋಗಿದ್ದೆ. ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಎರಡು ದಿನ ಉಳಿದೆ. ಟವೆಲ್ ತೆಗೆದುಕೊಳ್ಳೋಣವೆಂದು ಗೋಡೆಯ ಬೀರು ತೆರೆದರೆ ಒಳಗೆ ಪುಟ್ಟ ಬಲ್ಬೊಂದು ಉರಿಯುತ್ತಿತ್ತು. ಬಿಸಿಯಾದ ಧೂಳು, ನುಸಿಗುಳಿಗೆ, ಪೂರ್ತಿ ಒಣಗದ ಹತ್ತಿ ಬಟ್ಟೆ, ಎಲ್ಲ ಸೇರಿದ ಒಂದು ವಾಸನೆ ಮುಖಕ್ಕೆ ಬಡಿಯಿತು. ಕೇರಳದ ಮಳೆಗಾಲ ಕಂಡವರಿಗೆ ಇದು ಗೊತ್ತು. ಅಲ್ಲಿ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು, ಕ್ಯಾಮೆರಾದ ಕಣ್ಣಿಗೂ ಬೂಷ್ಟು. ಹಾಗಾಗಿ ಬೀರುವಿನೊಳಗೆ ಹಗಲೂ ಇರುಳೂ ಬಲ್ಬು. ಟವೆಲ್ ಯಾಕೆ ಬೇಕಿತ್ತು ಅನ್ನುವುದೇ ಮರೆತು ಆ ಬೀರುವಿನೊಳಗೆ ತಲೆ ಹಾಕಿಕೊಂಡು ಎಷ್ಟೋ ಹೊತ್ತು ನಿಂತಿದ್ದೆ. ಸಿಲ್ಲಿ ಓಲ್ಡ್ ವುಮನ್ ಅಂದುಕೊಂಡಿರಬೇಕು ಆ ಮನೆಯವರು. ಆದರೆ ಒಂದು ಮಳೆಗಾಲದಲ್ಲಿ ದಿನಗಟ್ಟಲೆ ನನ್ನ ಅತ್ತೆ ಹೀಗೆಯೇ ಬೀರುವಿನೊಳಗೆ ತಲೆ ಹಾಕಿಕೊಂಡು ಕೂತಿದ್ದರು, ಕೂರಿಸಿದವಳು ನಾನು.

ತೊಂಬತ್ತೈದನೇ ಇಸವಿ. ನನಗಾಗ ನಲವತ್ತಾರು. ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಪ್ರೋಗ್ರಾಮರ್ ಆಗಿದ್ದೆ. ನಮ್ಮವರು ಕೊಚ್ಚಿಯಲ್ಲಿ ಇನ್ನೊಂದು ಸರ್ಕಾರಿ ಕಚೇರಿಯಲ್ಲಿದ್ದರು, ಶುಕ್ರವಾರ ಸಂಜೆಯ ರೈಲಿಗೆ ಬಂದು ಭಾನುವಾರ ಹೊರಡುತ್ತಿದ್ದರು. ತಿರುವನಂತಪುರದ ಬಾಡಿಗೆ ಮನೆಯಲ್ಲಿ ನಾನು, ಒಂಬತ್ತನೇ ಕ್ಲಾಸಿನ ಮಗಳು ಶುಭಾ, ನಂಜನಗೂಡು ಕಡೆಯ ನಮ್ಮ ಅತ್ತೆ. ನನ್ನ ವಯಸ್ಸಿನ ಹೆಂಗಸರಿಗೆ ಕ್ರೋಶಾ, ಅಡುಗೆಯ ಹೊಸ ರುಚಿ, ಹೀಗೆ ಏನಾದರೊಂದು ಹಾಬಿ ಇರುತ್ತಿತ್ತು. ನನ್ನದು ಬೆಸುಗೆ ಕಡ್ಡಿ ಮತ್ತು ಸ್ಕ್ರೂ ಡ್ರೈವರ್. ಆಫೀಸಿನ ಹರಾಜಿನಲ್ಲಿ ಸಿಕ್ಕ ಪೆಟ್ಟಿಗೆ, ಯಾರೋ ಬೇಡವೆಂದ ಮಾನಿಟರ್, ಎಲ್ಲೆಲ್ಲಿಂದಲೋ ಕೂಡಿಸಿದ ಬೋರ್ಡುಗಳು, ಇವಿಷ್ಟರಿಂದ ಊಟದ ಮೇಜಿನ ಮೂಲೆಯಲ್ಲಿ ನನ್ನದೇ ಒಂದು ಕಂಪ್ಯೂಟರ್ ಕಟ್ಟಿಕೊಂಡಿದ್ದೆ. ಫ್ಲಾಪಿಗಳಿಗೂ ಬೂಷ್ಟು ಹಿಡಿಯುತ್ತಿದ್ದರಿಂದ ಅವನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕ, ಬಲ್ಬಿನ ಶಾಖದಲ್ಲಿ ಇಡುತ್ತಿದ್ದೆ.

"ಬೇರೆಯವರ ಸೊಸೆಯಂದಿರು ಹಪ್ಪಳ ಒಣಗಿಸ್ತಾರೆ. ನಮ್ಮ ಸೊಸೆ ಫ್ಲಾಪಿ ಒಣಗಿಸ್ತಾಳೆ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಬೈದದ್ದೋ ಹೆಮ್ಮೆಪಟ್ಟದ್ದೋ ಕೊನೆವರೆಗೂ ತಿಳಿಯಲಿಲ್ಲ.

ಅವರ ದನಿಯ ಬಗ್ಗೆ ಹೇಳಬೇಕು. ಅತ್ತೆ ಮನೆ ನಡೆಸುತ್ತಿದ್ದದ್ದೇ ದನಿಯಿಂದ. ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು ಕೆಲಸದ ಓಮನಳನ್ನು, ತರಕಾರಿಯವನನ್ನು, ಗೇಟಿನಾಚೆ ಹೋಗುವ ಪೋಸ್ಟ್‌ಮನ್ನನ್ನು ಕರೆಯುತ್ತಿದ್ದರು. ಅವರಿಗೆ ಬರುತ್ತಿದ್ದದ್ದು ಮೈಸೂರು ಕಡೆಯ ಕನ್ನಡ, ಜೊತೆಗೆ ನಾಲ್ಕೈದು ಮಲಯಾಳಂ ಪದ. ಆದರೆ ಇಡೀ ಬೀದಿಗೆ ಅರ್ಥವಾಗುತ್ತಿತ್ತು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಬಾರೇ ಇಲ್ಲಿ" ಅಂದರೆ ಅದು ನಾನು.

ಮಾರ್ಚಿನಲ್ಲಿ ಆ ದನಿ ಒಡೆಯಿತು. ಶೀತ ಅಂದುಕೊಂಡೆವು. ಮೇ ಮುಗಿಯುವ ಹೊತ್ತಿಗೆ ಉಳ್ಳೂರಿನ ಹತ್ತಿರದ ಡಾಕ್ಟರು ಗಂಟಲಲ್ಲಿ ಗಡ್ಡೆಯಿದೆ ಅಂದರು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರೆ ಜೀವಕ್ಕೆ ಅಪಾಯವಿಲ್ಲ, ಆದರೆ ಮತ್ತೆ ಮಾತು ಬರುವುದಿಲ್ಲ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ನನ್ನದಾಯಿತು. ಆಟೋದಲ್ಲಿ ಮನೆಗೆ ಬರುವಾಗ ಅತ್ತೆ ಹೊರಗೆ ನೋಡುತ್ತ ಕೂತಿದ್ದರು.

"ಸ್ಲೇಟು ಇದೆಯಲ್ಲ ಅತ್ತೆ, ಬರೆದು ತೋರಿಸ್ಬೋದು" ಅಂದೆ.

"ಎದುರಿಗಿರೋರಿಗೆ ತೋರಿಸ್ಬೋದು. ಬೆನ್ನು ಹಾಕ್ಕೊಂಡು ನಿಂತೋರನ್ನ ಹೇಗೆ ಕರೀಲಿ?"

ಶನಿವಾರ ನಮ್ಮವರು ಒಂದು ಹಿತ್ತಾಳೆ ಗಂಟೆ ತಂದುಕೊಟ್ಟರು, ಬೇಕಾದಾಗ ಬಾರಿಸಲಿ ಎಂದು. ಅತ್ತೆ ಅದನ್ನು ಮುಟ್ಟಲೂ ಇಲ್ಲ. "ದೇವರಿಗೊಂದು ಗಂಟೆ, ದನಕ್ಕೊಂದು ಗಂಟೆ. ನಾನು ಇದರಲ್ಲಿ ಯಾರಪ್ಪ?"

ಆಪರೇಷನ್ನಿಗೆ ಮೂರು ವಾರ ಇತ್ತು. ಅವರ ದನಿಯನ್ನು ಕಂಪ್ಯೂಟರಿನಲ್ಲಿ ಹಿಡಿದಿಡುತ್ತೇನೆ, ಒಂದೊಂದು ಕೀಲಿಗೆ ಒಂದೊಂದು ಮಾತು, ಒತ್ತಿದರೆ ಅವರೇ ಮಾತಾಡಬೇಕು ಎಂದು ಆವತ್ತೇ ನಿರ್ಧರಿಸಿದೆ. ಟೇಪ್ ರೆಕಾರ್ಡರ್ ಇರಲಿಲ್ಲವೇ ಅನ್ನಬಹುದು. ಇತ್ತು. ಬೇಕಾದ ಮಾತು ಸಿಗುವ ತನಕ ಟೇಪು ಸುತ್ತುವಷ್ಟರಲ್ಲಿ ಕರೆಯಬೇಕಾದವರು ಊರು ಬಿಟ್ಟು ಹೋಗಿರುತ್ತಾರೆ.

ಆಗಿನ ಕಂಪ್ಯೂಟರುಗಳಿಗೆ ಕೀ ಎಂದು ಕಿರುಚುವುದು ಬಿಟ್ಟರೆ ಬೇರೆ ದನಿ ಇರಲಿಲ್ಲ. ಸೌಂಡ್ ಕಾರ್ಡ್ ಬೇಕು. ತಿರುವನಂತಪುರದಲ್ಲಿ ಹುಡುಕಿ ಸೋತೆ. ಕೊಚ್ಚಿ ಹತ್ತಿರದ ಏಲೂರಿನ ಗೊಬ್ಬರದ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ನಮ್ಮವರ ಪರಿಚಯದ ತೋಮಸ್ ಎಂಬುವವರ ಹತ್ತಿರ, ಅವರ ತಮ್ಮ ಗಲ್ಫಿನಿಂದ ತಂದುಕೊಟ್ಟ ಒಂದು ಕಾರ್ಡಿದೆ ಅಂತ ಗೊತ್ತಾಯಿತು. ರಜೆ ಹಾಕಿ ಕೊಚ್ಚಿಗೆ ಹೋದೆ. ಸುರಿಯುವ ಮಳೆ, ಬಸ್ಸಿಳಿದರೆ ಮೂಗು ಕಟ್ಟುವ ಅಮೋನಿಯಾ. ತೋಮಸ್ ಕಾರ್ಡನ್ನು ಬೆಳ್ಳಿ ಬಣ್ಣದ ಕವರಿನಿಂದ ಹೊರಗೆ ತೆಗೆದು, ಮಗಳು ಗೇಮ್ ಆಡಲಿಕ್ಕಾ ಎಂದು ಕೇಳಿದರು. ಅತ್ತೆ ಮಾತಾಡಲಿಕ್ಕೆ ಅಂದೆ ನಾನು, ನನ್ನ ಹರಕು ಮಲಯಾಳಂನಲ್ಲಿ.

"ಸಾಧಾರಣ ಮರುಮಕ್ಕಳ್ ಅದು ನಿರ್ತಾನಾ ನೋಕ್ಕುನ್ನದು, ಚೇಚೀ" ಅಂದು ನಕ್ಕರು. ಸಾಮಾನ್ಯವಾಗಿ ಸೊಸೆಯಂದಿರು ಅತ್ತೆಯ ಮಾತನ್ನು ನಿಲ್ಲಿಸಲು ನೋಡುತ್ತಾರಂತೆ, ಅಕ್ಕಾ. ವಿಷಯ ತಿಳಿದ ಮೇಲೆ ಆ ನಗು ನಿಂತಿತು. ನಾನು ಬದಲಿಗೆ ಕೊಡಲೆಂದು ಒಯ್ದಿದ್ದ ಮೆಮೊರಿ ಚಿಪ್ಪುಗಳನ್ನು ತೆಗೆದುಕೊಳ್ಳಲಿಲ್ಲ. ಮೈಕನ್ನೂ ಅವರೇ ಕೊಟ್ಟರು.

ಮನೆಗೆ ತಂದು ಕೂರಿಸಿದರೆ ಆ ಕಾರ್ಡಿಗೂ ಪ್ರಿಂಟರಿಗೂ ಜಗಳ. ಒಂದು ಬಾಯಿ ತೆರೆದರೆ ಇನ್ನೊಂದು ಸತ್ತಂತೆ ಬಿದ್ದಿರುತ್ತಿತ್ತು. ಕಾರ್ಡಿನ ಮೇಲಿನ ಜಂಪರ್ ಎಂಬ ಕಡಲೆಬೇಳೆಯಷ್ಟಿರುವ ಕ್ಲಿಪ್ಪುಗಳನ್ನು ಕೂದಲು ಕೀಳುವ ಚಿಮಟದಿಂದ ಅಲ್ಲಿಂದಿಲ್ಲಿಗೆ ಬದಲಾಯಿಸಿ ಅದೂ ಮುಗಿಯಿತು. ಉಳಿದದ್ದು ಮಳೆ. ಅಡುಗೆಮನೆಯ ಹಿಂದಿನ ಶೀಟಿನ ಮೇಲೆ ಬೀಳುವ ಸದ್ದಿಗೆ ಮೈಕಿನಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಆಗ ಹೊಳೆದದ್ದು ಬೀರು. ಸೀರೆಗಳ ಮಡಿಕೆ ಸದ್ದನ್ನು ಕುಡಿಯುತ್ತದೆ. ಮೈಕನ್ನು ಸೀರೆಗಳ ನಡುವೆ ನೇತುಹಾಕಿ, ಮುಂದೆ ಸ್ಟೂಲ್ ಇಟ್ಟು, ಅತ್ತೆಯನ್ನು ಕೂರಿಸಿ, ತಲೆಯ ಹಿಂದೆ ಕಂಬಳಿ ಇಳಿಬಿಟ್ಟೆ.

"ನನ್ನನ್ನ ಇಲ್ಲೇ ಇಟ್ಟು ಬೀಗ ಹಾಕ್ಬಿಡು. ಆಪರೇಷನ್ ಯಾಕೆ" ಅಂದರು ಒಳಗಿನಿಂದ.

ನಾನೊಂದು ಪಟ್ಟಿ ಮಾಡಿದ್ದೆ. ನಲವತ್ತು ವಾಕ್ಯ. ನನಗೆ ಕುಡಿಯಲು ನೀರು ಬೇಕು. ದಯವಿಟ್ಟು ಫ್ಯಾನ್ ಆರಿಸಿ. ನನಗೆ ಎದೆಯಲ್ಲಿ ನೋವಾಗುತ್ತಿದೆ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಬರ್ನಡೆಟ್ ನಮಗೆ ಎಲೊಕ್ಯೂಷನ್ ಹೇಳಿಕೊಡುತ್ತಿದ್ದರು. ಬೆನ್ನು ನೆಟ್ಟಗೆ, ಒಂದೊಂದು ಪದವೂ ಬಿಡಿಬಿಡಿಯಾಗಿ, ವಾಕ್ಯ ಮುಗಿಯುವ ತನಕ ಉಸಿರು ಬಿಡಬಾರದು. ನಾನು ಅತ್ತೆಗೆ ಅದನ್ನೇ ಕಲಿಸಲು ಹೊರಟೆ.

"ದಯವಿಟ್ಟು ಅಂತ ನಾನ್ಯಾವತ್ತು ಯಾರಿಗೆ ಅಂದಿದೀನಿ?"

"ಆಸ್ಪತ್ರೇಲಿ ನರ್ಸ್‌ಗೆ ಹೇಳ್ಬೇಕಲ್ಲ ಅತ್ತೆ."

"ಅವಳಿಗೆ ಕನ್ನಡ ಎಲ್ಲಿ ಬರತ್ತೆ? ಅವಳ ಹತ್ರ ದಯವಿಟ್ಟು ಅಂದ್ರೂ ಒಂದೇ, ನಿನ್ನ ತಲೆ ಅಂದ್ರೂ ಒಂದೇ."

"ಪ್ಲೀಸ್, ಒಂದು ಸಲ ಹೇಳಿ."

ಹೇಳುತ್ತಿದ್ದರು. ಆದರೆ ನಡುವೆ ಕೆಮ್ಮು. ಇಲ್ಲವೇ, ಓಮನ ಮೊಸರಿನ ಪಾತ್ರೆ ಮುಚ್ಚಿಲ್ಲ ಅನ್ನುವ ಕೂಗು. ಇಲ್ಲವೇ, ಬಲ್ಬು ಬಿಸಿಯಾಗಿ ಹಣೆ ಸುಡುತ್ತಿದೆ ಎಂದು ನನಗೂ ನನ್ನ ಮಿಷಿನ್ನಿಗೂ ಬೈಗುಳ. ಕೆಟ್ಟ ಟೇಕುಗಳೇ ಹೆಚ್ಚು. ಆ ಪುಟ್ಟ ಹಾರ್ಡ್ ಡಿಸ್ಕಿನಲ್ಲಿ ಅತ್ತೆಗೆಂದು ನಾನು ಬಿಡಿಸಿಕೊಂಡಿದ್ದು ಹತ್ತು ಎಂಬಿ, ಅಂದರೆ ಏಳೆಂಟು ನಿಮಿಷದ ಮಾತು. ಹಾಗಾಗಿ ದಿನವೂ ಸಂಜೆ ಕೆಟ್ಟದ್ದನ್ನೆಲ್ಲ ಡಿಲೀಟ್ ಮಾಡಿ ಡಿಸ್ಕನ್ನು ಚೊಕ್ಕಟ ಮಾಡುತ್ತಿದ್ದೆ. ಕಾಪಿ ಪುಸ್ತಕದಲ್ಲಿ ಒಂದು ಸಾಲು ಕೆಟ್ಟರೂ ಪುಟವನ್ನೇ ಹರಿದುಹಾಕಿಸುತ್ತಿದ್ದ ಶಾಲೆ ನಮ್ಮದು. ಹನ್ನೆರಡು ದಿನಕ್ಕೆ ನಲವತ್ತು ವಾಕ್ಯಗಳೂ ಒಂದು ಕಲೆಯಿಲ್ಲದೆ ಮುಗಿದವು. ನನಗೆ ಬಹಳ ಹೆಮ್ಮೆಯಾಗಿತ್ತು.

ಆಪರೇಷನ್ ಸರಿಯಾಗಿ ಆಯಿತು. ಜುಲೈ ನಡುವಿನಲ್ಲಿ ಅತ್ತೆ ಮನೆಗೆ ಬಂದರು, ಕತ್ತಿನಲ್ಲಿ ಉಸಿರಾಡಲು ಒಂದು ರಂಧ್ರ, ಅದರ ಮುಂದೆ ಬಿಳಿಯ ಜಾಳಿಗೆ ಬಟ್ಟೆ. ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಕೀಲಿಗಳ ಮೇಲೆ ಕನ್ನಡದ ಚೀಟಿ ಅಂಟಿಸಿದ್ದೆ. ನೀರು ಅನ್ನುವ ಚೀಟಿಯ ಮೇಲೆ ಬೆರಳಿಟ್ಟು ಒತ್ತಿದರು. ನನಗೆ ಕುಡಿಯಲು ನೀರು ಬೇಕು, ಎಂದಿತು ಸ್ಪೀಕರು, ಬಿಡಿಬಿಡಿಯಾಗಿ.

ಅತ್ತೆ ಇನ್ನೊಂದು ಒತ್ತಿದರು. ಮತ್ತೊಂದು. ಆಮೇಲೆ ಸ್ಲೇಟು ತೆಗೆದುಕೊಂಡು ಬರೆದರು. "ಯಾರಿವಳು?"

"ನೀವೇ ಅತ್ತೆ."

ಅದನ್ನು ಒರೆಸಿ ಮತ್ತೆ ಬರೆದರು. "ನನ್ನ ಬಾಯಲ್ಲಿ ನಿನ್ನ ಕಾನ್ವೆಂಟು."

ಎದ್ದು ಹೋದರು. ಅಡುಗೆಮನೆಯಿಂದ ಒಂದು ಕೈವಸ್ತ್ರ ತಂದು ಕೀಬೋರ್ಡಿನ ಮೇಲೆ ಮುಚ್ಚಿದರು. ಆಮೇಲಿನ ದಿನಗಳಲ್ಲಿ ಸ್ಲೇಟನ್ನೂ ಕೈಗೆತ್ತಿಕೊಳ್ಳುವುದು ಕಡಿಮೆಯಾಯಿತು. ಬೆತ್ತದ ಕುರ್ಚಿ ವರಾಂಡದಿಂದ ಒಳಕೋಣೆಗೆ ಬಂತು. ತರಕಾರಿಯವನು ಗೇಟಿನ ಹತ್ತಿರ ನಿಂತು ನೋಡಿ, ಯಾರೂ ಕರೆಯದೆ ಮುಂದಕ್ಕೆ ಹೋದ. ಗಂಜಿಯನ್ನು ಅರ್ಧಕ್ಕೇ ಬಿಡತೊಡಗಿದರು. ಗಾಯ ಮಾಯುತ್ತಿದೆ, ಆದರೆ ಇವರು ಮಾಯುತ್ತಿಲ್ಲ ಅಂದಳು ಓಮನ, ಅವಳ ಭಾಷೆಯಲ್ಲಿ. ನಮ್ಮವರು ಕೊಚ್ಚಿಯಿಂದ ಫೋನ್ ಮಾಡಿದಾಗ ಅತ್ತೆಯ ಕಿವಿಗೆ ರಿಸೀವರ್ ಹಿಡಿಯುತ್ತಿದ್ದೆ. ಮಗ ಆ ಕಡೆಯಿಂದ "ಅಮ್ಮ, ಕೇಳಿಸ್ತಿದೆಯಾ?" ಅನ್ನುತ್ತಿದ್ದರು. ಇವರು ತಲೆ ಆಡಿಸುತ್ತಿದ್ದರು. ಫೋನಿಗೆ ಅದು ಕಾಣಬೇಕಲ್ಲ.

ಒಂದು ಮಧ್ಯಾಹ್ನ ಬಟ್ಟೆ ಮಡಿಸುತ್ತ ಕೂತಾಗ ಯೋಚನೆ ಆ ರೆಕಾರ್ಡಿಂಗಿನ ಕಡೆಗೇ ಹೋಯಿತು. ಅತ್ತೆಯ ದನಿ ಆ ನಲವತ್ತು ವಾಕ್ಯಗಳಲ್ಲಿ ಇರಲಿಲ್ಲ. ವಾಕ್ಯ ಕೆಟ್ಟ ಕಡೆಯಲ್ಲೆಲ್ಲ ಇತ್ತು. ಕೆಮ್ಮಿನಲ್ಲಿ, ಮೊಸರಿನ ಪಾತ್ರೆಯ ಕೂಗಿನಲ್ಲಿ, ಬಲ್ಬಿಗೆ ಬೈದ ಬೈಗುಳದಲ್ಲಿ. ಆ ಎಲ್ಲವನ್ನೂ ದಿನವೂ ಸಂಜೆ, ನನ್ನ ಕೈಯಾರೆ, ಗುಡಿಸಿ ಹಾಕಿದ್ದೆ. ಈಗ ಮತ್ತೆ ರೆಕಾರ್ಡ್ ಮಾಡೋಣ ಎಂದರೆ ಜಗತ್ತಿನ ಯಾವ ಮೈಕಿಗೂ ಆ ಗಂಟಲು ಸಿಗುವಂತಿರಲಿಲ್ಲ.

ನಾನು ಅಳಲಿಲ್ಲ. ಬಟ್ಟೆ ಮಡಿಸುವುದನ್ನು ಬಿಟ್ಟು ಹೋಗಿ ಕಂಪ್ಯೂಟರಿನ ಪ್ಲಗ್ ಕಿತ್ತೆ.

ಯಾಕೆಂದರೆ ನನ್ನ ಕಸುಬು ನನಗೆ ಒಂದು ವಿಷಯ ಕಲಿಸಿತ್ತು. ಕಂಪ್ಯೂಟರಿನಲ್ಲಿ ಅಳಿಸಿದ್ದು ಕೂಡಲೇ ಅಳಿಯುವುದಿಲ್ಲ. ಬಾಗಿಲಿಗೆ 'ಮನೆ ಖಾಲಿ ಇದೆ' ಎಂಬ ಬೋರ್ಡು ಬೀಳುತ್ತದೆ ಅಷ್ಟೆ. ಹೊಸ ಬಾಡಿಗೆಯವರು ಬರುವ ತನಕ ಹಳಬರು ಒಳಗೇ ಇರುತ್ತಾರೆ. ಹೊಸದಾಗಿ ಏನು ಬರೆದರೂ ಅದು ಅವರ ಮೇಲೆ ಬಂದು ಕೂರುತ್ತದೆ. ಆದ್ದರಿಂದ ಮೊದಲ ಕೆಲಸ, ಆ ಡಿಸ್ಕಿಗೆ ಇನ್ನೊಂದು ಅಕ್ಷರವೂ ಬೀಳದಂತೆ ನೋಡಿಕೊಳ್ಳುವುದು.

ಶುಭಾ ಸ್ಕೂಲಿನಿಂದ ಬಂದಾಗ ಪ್ಲಗ್ಗಿನ ಮೇಲೆ ಕಾಗದ ಅಂಟಿಸಿದ್ದೆ. "ಇದನ್ನ ಮುಟ್ಟಿದ್ರೆ ನೋಡು" ಅಂದೆ.

"ಬಟ್ ಮೈ ಪ್ರಾಜೆಕ್ಟ್, ಅಮ್ಮಾ?"

"ಕೈಯಲ್ಲಿ ಬರಿ."

"ಅಚ್ಛಮ್ಮಯುಡೆ ಸೌಂಡ್ ತಿರಿಚ್ಚು ಕಿಟ್ಟುಮೋ?" ಎಂದು ಕೇಳಿದಳು. ಅವಳು ಕನ್ನಡಕ್ಕೆ ಉತ್ತರ ಕೊಡುತ್ತಿದ್ದದ್ದು ಯಾವಾಗಲೂ ಈ ಎರಡರಲ್ಲೊಂದು ಭಾಷೆಯಲ್ಲಿ. ಅಜ್ಜಿಯ ದನಿ ವಾಪಸ್ ಸಿಗುತ್ತದೆಯಾ ಎಂದು ಕೇಳುತ್ತಿದ್ದಳು. ಹುಡುಕ್ತೀನಿ ಅಂದೆ. ಸಿಗುತ್ತದೆ ಎಂದು ಹೇಳುವ ಧೈರ್ಯ ಇರಲಿಲ್ಲ.

ಹದಿನೈದು ದಿನ ರಜೆ ಹಾಕಿದೆ. ಅದಕ್ಕೂ ಮೊದಲು ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಕೂತು ಒಂದು ಚಿಕ್ಕ ಪ್ರೋಗ್ರಾಮ್ ಬರೆದೆ. ಅದು ಫ್ಲಾಪಿಯಿಂದಲೇ ಓಡಬೇಕು, ಹಾರ್ಡ್ ಡಿಸ್ಕಿನಲ್ಲಿ ಖಾಲಿ ಎಂದು ಬೋರ್ಡು ಬಿದ್ದ ಮನೆಗಳಿಗೆ ಮಾತ್ರ ಹೋಗಬೇಕು, ಒಳಗೆ ಇದ್ದದ್ದನ್ನು ಎತ್ತಿ ಬೇರೆ ಫ್ಲಾಪಿಗಳಿಗೆ ತುಂಬಬೇಕು. ಒಂದು ಫ್ಲಾಪಿಗೆ ಒಂದು ನಿಮಿಷದ ಸದ್ದು. ಬೀರುವಿನಲ್ಲಿದ್ದ ಫ್ಲಾಪಿಗಳನ್ನೆಲ್ಲ ಇದಕ್ಕೇ ಕೊಟ್ಟೆ. ನನ್ನ ಐದು ವರ್ಷದ ಆಟದ ಪ್ರೋಗ್ರಾಮುಗಳು, ಚೆಸ್ ಆಡುವುದು, ಪಂಚಾಂಗ ಲೆಕ್ಕ ಹಾಕುವುದು, ಎಲ್ಲ ಹೋದವು. ಹೋಗಲಿ.

ಮೊದಲ ಫ್ಲಾಪಿ ಹಾಕಿ ಕೇಳಿದೆ. ಒಗ್ಗರಣೆ ಸಿಡಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಅದು ಶುಭಾಳ ಹಳೆಯ ಗೇಮಿನ ಅವಶೇಷ. ಎರಡನೆಯದರಲ್ಲೂ ಒಗ್ಗರಣೆ. ಮೂರನೆಯದರಲ್ಲಿ, ಆ ಸಿಡಿತದ ಮಧ್ಯೆ, ಒಂದು ಕೆಮ್ಮು. ಅತ್ತೆಯ ಕೆಮ್ಮು ಅದು, ನನಗೆ ಗೊತ್ತಿಲ್ಲವೇ. ನಾನು ಕುರ್ಚಿಯ ಅಂಚಿಗೆ ಬಂದಿದ್ದೆ.

ಅಲ್ಲಿಂದ ಮುಂದೆ ಹೊಲಿಗೆಯ ಕೆಲಸ. ಡಿಸ್ಕು ಒಂದು ಮಾತನ್ನು ಒಂದೇ ಕಡೆ ಇಡುವುದಿಲ್ಲ, ಜಾಗ ಸಿಕ್ಕಲ್ಲಿ ತುಂಡು ತುಂಡಾಗಿ ಇಡುತ್ತದೆ. ಒಂದೊಂದು ತುಂಡು ಸೆಕೆಂಡಿನ ಹತ್ತನೇ ಒಂದು ಭಾಗ. ಕೇಳಿದರೆ ಬರೀ 'ಟ', ಬರೀ 'ಉಂ'. ಒಂದು ರೂಲ್ ಹಾಕಿದ ಪುಸ್ತಕದಲ್ಲಿ ತುಂಡಿನ ನಂಬರು, ಪಕ್ಕದಲ್ಲಿ ಕಿವಿಗೆ ಬಿದ್ದದ್ದು. ಯಾವುದರ ಬಾಲ ಯಾವುದರ ತಲೆಗೆ ಕೂಡುತ್ತದೆ ಎಂದು ಜೋಡಿಸಿ ನೋಡುವುದು, ತಪ್ಪಾದರೆ ಬಿಚ್ಚುವುದು. ಬೆಳಿಗ್ಗೆ ಶುಭಾ ಹೊರಟ ಮೇಲೆ ಕೂತರೆ ಅವಳು ಬರುವ ತನಕ. ಮಳೆಗೆ ಕರೆಂಟು ಹೋಗುವುದು, ಬರುವುದು, ಮತ್ತೆ ಮೊದಲಿನಿಂದ. ಓಮನ ಅನ್ನ ತಂದು ಮೇಜಿನ ಮೇಲಿಟ್ಟು, "ಕಳಿಕ್ಕು ಚೇಚೀ", ಊಟ ಮಾಡಿ ಅಕ್ಕಾ, ಎಂದು ಹೇಳಿ ಹೋಗುತ್ತಿದ್ದಳು. ಊಟ ತಣ್ಣಗಾಗುತ್ತಿತ್ತು.

ಅತ್ತೆ ಒಳಕೋಣೆಯಿಂದ ಹೊರಗೆ ಬರಲಿಲ್ಲ. ಆದರೆ ಆರನೆಯ ದಿನವೋ ಏಳನೆಯ ದಿನವೋ ತಿರುಗಿ ನೋಡಿದರೆ ಬೆತ್ತದ ಕುರ್ಚಿ ಬಾಗಿಲ ಹತ್ತಿರ ಬಂದಿತ್ತು. ಮರುದಿನ ಹೊಸ್ತಿಲು ದಾಟಿತ್ತು. ನಾನು ಏನೂ ಗಮನಿಸದವಳ ಹಾಗೆ ಕೆಲಸ ಮಾಡುತ್ತಿದ್ದೆ.

ಹನ್ನೊಂದನೆಯ ದಿನಕ್ಕೆ ನನ್ನ ಕೈಯಲ್ಲಿದ್ದದ್ದು ಒಂಬತ್ತು ತುಣುಕು. ಅಷ್ಟೇ. ಮಿಕ್ಕಿದ್ದರ ಮೇಲೆಲ್ಲ ಆ ನಲವತ್ತು ಚೊಕ್ಕಟ ವಾಕ್ಯಗಳು ಕಾಲು ಚಾಚಿ ಮಲಗಿದ್ದವು. ಅತ್ತೆಯನ್ನು ಕರೆದೆ. ಬಂದು ಪಕ್ಕದಲ್ಲಿ ಕೂತರು, ಸ್ಲೇಟು ತೊಡೆಯ ಮೇಲೆ. ಒಂದೊಂದಾಗಿ ಕೇಳಿಸಿದೆ.

"ಓಮನಾ, ಪಾತ್ರಂ..." ಎಂದಿತು ಸ್ಪೀಕರು, ಒಡಕು ದನಿಯಲ್ಲಿ. ಅಡುಗೆಮನೆಯಿಂದ ಓಮನ "ಎಂದೋ?" ಎಂದು, ಏನಮ್ಮಾ ಅನ್ನುವ ಹಾಗೆ, ಓಗೊಟ್ಟು, ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತುಬಿಟ್ಟಳು. ಅವಳ ಕಣ್ಣು ಅತ್ತೆಯ ಮುಖದ ಮೇಲೆ, ಅತ್ತೆಯ ಕಣ್ಣು ಸ್ಪೀಕರಿನ ಮೇಲೆ.

ಅತ್ತೆ ಪರೀಕ್ಷೆಯ ಪೇಪರ್ ತಿದ್ದುವವರ ಹಾಗೆ ತೀರ್ಪು ಕೊಡುತ್ತ ಹೋದರು. ಮಿಷಿನ್ನಿಗೆ ಬೈದದ್ದಕ್ಕೆ ತಲೆಯಾಡಿಸಿದರು. ನಕ್ಕದ್ದಕ್ಕೂ ಸರಿ. ಒಂದು "ಅಯ್ಯೋ ಶಿವನೇ" ಇತ್ತು, ನನಗೆ ಅದು ಬಹಳ ಇಷ್ಟ. ಸ್ಲೇಟಿನಲ್ಲಿ ಬರೆದರು: "ಬೇಡ. ಮುದುಕಿ ಹಾಗಿದೆ." ಎಪ್ಪತ್ತೊಂದು ವರ್ಷ ಅವರಿಗೆ.

ಕೊನೆಯ ತುಣುಕನ್ನು ಕೇಳಿಸಲು ಹಿಂಜರಿದೆ. ಅದಕ್ಕೇ ಮೂರು ದಿನ ಹಿಡಿದಿತ್ತು. ಆದರೂ ಪೂರ್ತಿಯಾಗಿರಲಿಲ್ಲ. "ಬಾರೇ ಇ" ಅಂದು ಅಲ್ಲಿಗೆ ಕತ್ತರಿಸಿದಂತೆ ನಿಲ್ಲುತ್ತಿತ್ತು. ಮುಂದಿನ ತುಂಡಿನ ಜಾಗದಲ್ಲಿ 'ದಯವಿಟ್ಟು' ಎಂಬ ಮಾತು ಕೂತಿತ್ತು.

ಅತ್ತೆ ಅದನ್ನು ಮೂರು ಸಲ ಕೇಳಿದರು. ಹೊರಗೆ ಸಣ್ಣಗೆ ಗುಡುಗಿತು.

"ಇನ್ನೂ ನಾಲ್ಕು ದಿನ ರಜೆ ಇದೆ ಅತ್ತೆ. ಉಳಿದದ್ದನ್ನೂ ಹುಡುಕ್ತೀನಿ. ಸಿಗದೇ ಇದ್ರೆ ಬೇರೆ ಕಡೆಯಿಂದ 'ಲ್ಲಿ' ತಂದು ಜೋಡಿಸ್ತೀನಿ."

ಅವರು ಸ್ಲೇಟು ಎತ್ತಿಕೊಂಡರು. ನಿಧಾನವಾಗಿ, ದುಂಡಗೆ ಬರೆದರು. "ಬಿಡು. ಅರ್ಧ ಸಾಕು. ಬರೋಳು ಬರ್ತಾಳೆ."

ಆಮೇಲೆ ಕೀಬೋರ್ಡಿನಲ್ಲಿ ಎಲ್ಲಕ್ಕಿಂತ ಉದ್ದದ ಕೀಲಿ ಯಾವುದು ಎಂದು ಬೆರಳಾಡಿಸಿ ನೋಡಿ, ಅದನ್ನೇ ತೋರಿಸಿದರು. ಸ್ಪೇಸ್ ಬಾರಿಗೆ ಆ ಮಾತನ್ನು ಕಟ್ಟಿದೆ. ನಲವತ್ತು ಚೀಟಿಗಳನ್ನು ಅವರೇ ಉಗುರಿನಿಂದ ಕೆರೆದು ತೆಗೆದರು. ಒತ್ತಿ ನೋಡಿ ಅಂದೆ. ಒತ್ತಲಿಲ್ಲ. ಅಡುಗೆಮನೆಯ ಕಡೆಗೆ ಕೈ ತೋರಿಸಿದರು. ಅರ್ಥವಾಗದೆ ನಿಂತೆ. ಸ್ಲೇಟಿನಲ್ಲಿ ಬರೆದರು: "ಹೋಗು. ಬೆನ್ನು ಹಾಕ್ಕೊಂಡು ನಿಲ್ಲು."

ಹೋದೆ. ಒಲೆಯ ಕಡೆಗೆ ಮುಖ ಮಾಡಿ ನಿಂತೆ. ಓಮನ ತುರಿಯುತ್ತಿದ್ದ ತೆಂಗಿನಕಾಯಿಯನ್ನು ಕೆಳಗಿಟ್ಟಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಅವರು ಬೇಕೆಂದೇ ತಡಮಾಡುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು.

"ಬಾರೇ ಇ."

"ಬಂದೆ ಅತ್ತೆ" ಅಂದೆ, ಹತ್ತೊಂಬತ್ತು ವರ್ಷ ಅಂದ ಹಾಗೆಯೇ, ಸ್ವಲ್ಪ ಬೇಸರ ಸೇರಿಸಿಕೊಂಡು.

ನಾನು ಹೋಗುವಷ್ಟರಲ್ಲಿ ಅವರು ಕಿಟಕಿಯ ಕಡೆ ತಿರುಗಿ ಕೂತಿದ್ದರು. ನನ್ನ ಮುಖ ನೋಡಲಿಲ್ಲ. ಸ್ಲೇಟನ್ನು ಒರೆಸಿ ಆಗಲೇ ಬೇರೇನೋ ಬರೆದು, ನಾನು ಓದಲೆಂದು ನನ್ನ ಕಡೆಗೆ ಹಿಡಿದಿದ್ದರು.

"ಹನಿ ಬೀಳ್ತಿದೆ. ಬಟ್ಟೆ ಒಳಗೆ ತಗೊ."

ನಾನು ಹಿತ್ತಲಿಗೆ ಓಡಿದೆ.